ಸಗಣಿ ರಾಡಿಗೆ ಗುಂಡಿ: ಮೊದಲು ನೀರನ್ನು ಅಳೆಯಿರಿ

(ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದ ಹೈನುಗಾರರ ಸಭೆಗಳಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹಿಂದೆ ನಮ್ಮ ಕೊಟ್ಟಿಗೆಗಳಿಗೆ ಮಣ್ಣಿನ ನೆಲವಿತ್ತು. ಬೆಳಿಗ್ಗೆ ಸಗಣಿ ಬಾಚಿ, ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗ ಮಿಶ್ರತಳಿಯ ಹಸುಗಳು ಬಂದಿವೆ, ಸಿಮೆಂಟಿನ ನೆಲ ಬಂದಿದೆ, ಪೈಪು ಹಿಡಿದು ತೊಳೆಯುವ ರೂಢಿಯೂ ಬಂದಿದೆ. ಸಗಣಿ, ಗಂಜಳ, ನೀರು ಮೂರೂ ಕೂಡಿ ರಾಡಿಯಾಗುತ್ತದೆ. ಅದನ್ನು ಬುಟ್ಟಿಯಲ್ಲಿ ಹೊರಲು ಬರುವುದಿಲ್ಲ, ತಿಪ್ಪೆಯಲ್ಲಿ ಅದು ನಿಲ್ಲುವುದಿಲ್ಲ. ಓಣಿಯ ಗಟಾರ ಹಿಡಿದು ಹೋಗುತ್ತದೆ. ಇದನ್ನು ಕಡಿಮೆ ಖರ್ಚಿನಲ್ಲಿ ಹೇಗೆ ಹಿಡಿದಿಡಬೇಕು ಎಂಬುದೇ ಇಂದಿನ ಮಾತು.

ಗಟಾರಕ್ಕೆ ಹೋಗುವುದು ಬರೀ ಹೊಲಸಲ್ಲ. ದನ ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು, ಪೊಟ್ಯಾಷಿನಲ್ಲಿ ಬಹುಪಾಲು ಗಂಜಳದಲ್ಲಿರುತ್ತದೆ. ಮೆಣಸಿನಕಾಯಿಗೂ ಗೋವಿನಜೋಳಕ್ಕೂ ನಾವು ಹಣ ಕೊಟ್ಟು ಚೀಲದಲ್ಲಿ ತರುವುದು ಇದನ್ನೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಎರೆ ಭೂಮಿಯ ಒಂದು ಊರಿನಲ್ಲಿ ರೈತರೊಬ್ಬರಿಂದ ರಾಡಿಗುಂಡಿ ತೋಡಿಸಿದೆ. ಉದ್ದ, ಅಗಲ, ಆಳ ಎಲ್ಲವನ್ನೂ ಪುಸ್ತಕದಂತೆ ಅಳೆದು ಕೊಟ್ಟೆ. ಒಳಗೆ ಏನನ್ನೂ ಹಾಸಲಿಲ್ಲ. ಬೇಸಿಗೆಯಲ್ಲಿ ಗುಂಡಿಯ ಗೋಡೆ ಬಿರಿಯಿತು, ತೆಳುವಾದ ರಾಡಿ ಬಿರುಕಿನಲ್ಲಿ ಇಳಿಯಿತು. ಮಳೆಗಾಲದಲ್ಲಿ ಅಂಗಳದ ನೀರೆಲ್ಲ ಗುಂಡಿಗೆ ನುಗ್ಗಿ, ತುಂಬಿ ಹೊರಚೆಲ್ಲಿ, ಪಕ್ಕದ ಮನೆಯ ಬಾವಿಗೆ ಸೇರಿತು. ಎರಡು ಮನೆಯವರು ಆ ಬಾವಿಯ ನೀರು ಕುಡಿಯುವುದನ್ನು ಬಿಡಬೇಕಾಯಿತು. ಗೊಬ್ಬರವೂ ಹೋಯಿತು, ನೆರೆಹೊರೆಯ ಮಾತೂ ಕೆಟ್ಟಿತು. ನಾನು ಗುಂಡಿಯನ್ನು ಅಳೆದಿದ್ದೆ, ನೀರನ್ನು ಅಳೆದಿರಲಿಲ್ಲ.

ನೀರನ್ನು ಅಳೆಯುವ ಬಗೆ

ನಾಲ್ಕು ದೊಡ್ಡ ದನಗಳಿಂದ ದಿನಕ್ಕೆ ಸುಮಾರು 50 ಕಿಲೋ ಸಗಣಿ, 30 ಲೀಟರು ಗಂಜಳ ಬರುತ್ತದೆ ಎಂದು ಹಿಡಿಯಿರಿ. ಒಟ್ಟು 80 ಲೀಟರು. ಇನ್ನು ನಿಮ್ಮ ಪೈಪಿನ ಕೆಳಗೆ 15 ಲೀಟರಿನ ಬಕೀಟು ಇಟ್ಟು ನೋಡಿರಿ. ಅದು ಒಂದು ನಿಮಿಷದಲ್ಲಿ ತುಂಬಿದರೆ, ಎರಡು ಹೊತ್ತು ಹತ್ತು ಹತ್ತು ನಿಮಿಷ ತೊಳೆದಾಗ 300 ಲೀಟರು ನೀರಾಯಿತು. ಆಗ ತಿಂಗಳಿಗೆ 11,400 ಲೀಟರು ರಾಡಿ. ಅದೇ ಮೊದಲು ಸಗಣಿ ಬಾಚಿ, ಕಸಬರಿಗೆ ಆಡಿಸಿ, ಕೊನೆಗೆ ಎರಡೇ ಬಕೀಟು ನೀರು ಹಾಕಿದರೆ ತಿಂಗಳಿಗೆ 3,300 ಲೀಟರು.

ಹತ್ತು ಅಡಿ ಉದ್ದ, ಐದು ಅಡಿ ಅಗಲ, ಮೂರು ಅಡಿ ಆಳದ ಗುಂಡಿಯಲ್ಲಿ, ಮೇಲೆ ಅರ್ಧ ಅಡಿ ಖಾಲಿ ಬಿಟ್ಟರೂ, ಸುಮಾರು 3,500 ಲೀಟರು ಹಿಡಿಯುತ್ತದೆ. ಮೊದಲನೆಯವರಿಗೆ ಇಂಥವು ಮೂರು ಇದ್ದರೂ ಸಾಲದು, ಎರಡನೆಯವರಿಗೆ ಒಂದೇ ಸಾಕು. ಆದುದರಿಂದ ಎಲ್ಲಕ್ಕಿಂತ ಅಗ್ಗದ ಸಾಧನ ಕಸಬರಿಗೆ.

ಮಳೆಯ ಲೆಕ್ಕವನ್ನೂ ಮರೆಯಬಾರದು. ಇಪ್ಪತ್ತು ಅಡಿ ಚೌಕದ ಅಂಗಳದ ಮೇಲೆ ಒಂದು ಇಂಚು ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರು. ಗುಂಡಿಯ ಸುತ್ತ ಒಂದು ಅಡಿ ಎತ್ತರದ ಒಡ್ಡು ಹಾಕಿರಿ. ಸೂರಿನ ನೀರನ್ನು ಬೇರೆ ಕಾಲುವೆಯಲ್ಲಿ ಹೊರಗೆ ಕಳಿಸಿರಿ. ಗುಂಡಿಯ ಮೇಲೆ ತಗಡಿನದೋ ಗರಿಯದೋ ಒಂದು ಚಪ್ಪರವಿರಲಿ.

ಯಾರಿಗೆ ಯಾವುದು?

1. ಒಂದೆರಡು ದನ ಉಳ್ಳವರಿಗೆ ತೊಟ್ಟಿಯೇ ಬೇಡ. ದನದ ಕೆಳಗೆ ಹೊಟ್ಟು, ಒಣ ಎಲೆ, ಕತ್ತರಿಸಿದ ಗೋವಿನಜೋಳದ ದಂಟು ಹಾಸಿರಿ. ಗಂಜಳ ಹೀರಿದ ಹಾಸನ್ನು ಸಗಣಿಯೊಡನೆ ಪದರು ಪದರಾಗಿ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿರಿ. ಆಲ್ಬರ್ಟ್ ಹೋವರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು ರೂಪಿಸಿದ ಗೊಬ್ಬರದ ಪದ್ಧತಿಯಲ್ಲೂ ಗಂಜಳ ಹೀರಿದ ಮಣ್ಣಿಗೆ ಮುಖ್ಯ ಸ್ಥಾನವಿತ್ತು. ದಂಟನ್ನು ಹೊಲದಲ್ಲಿ ಸುಡುವವರು ಈ ಮಾತನ್ನು ಯೋಚಿಸಬೇಕು.

2. ಮೂರರಿಂದ ಆರು ದನ ಉಳ್ಳವರಿಗೆ ಎರಡು ದಾರಿಗಳಿವೆ. ಮೊದಲನೆಯದು, ಕೃಷಿ ಹೊಂಡಕ್ಕೆ ಹಾಸುವಂಥ ದಪ್ಪ ಪ್ಲಾಸ್ಟಿಕ್ ಹಾಳೆ. ಗುಂಡಿಯ ಗೋಡೆ ಇಳಿಜಾರಾಗಿರಲಿ. ಕಲ್ಲು, ಬೇರು ತೆಗೆದು, ಸೋಸಿದ ಮಣ್ಣನ್ನು ಹರಡಿ, ಅದರ ಮೇಲೆ ಹಾಳೆ ಹಾಸಿ, ಅಂಚನ್ನು ಒಂದು ಅಡಿ ಕಾಲುವೆಯಲ್ಲಿ ಹೂಳಬೇಕು. ಕೈಗೆ ಸುಲಭ, ಬೇಗ ಆಗುತ್ತದೆ. ಆದರೆ ಸಲಿಕೆ ತಾಗಿದರೆ, ದನ ಕಾಲಿಟ್ಟರೆ, ಇಲಿ ಕಡಿದರೆ ಕೆಲಸ ಕೆಟ್ಟಿತು. ರಾಡಿಯನ್ನು ಬಕೀಟಿನಿಂದಲೋ ಪಂಪಿನಿಂದಲೋ ತೆಗೆಯಬೇಕೇ ಹೊರತು ಸಲಿಕೆಯಿಂದಲ್ಲ.

ಎರಡನೆಯದು, ಸಿಮೆಂಟಿನ ರಿಂಗು. ನಾಲ್ಕು ಅಡಿ ಅಗಲ, ಒಂದು ಅಡಿ ಎತ್ತರದ ಒಂದು ರಿಂಗಿನಲ್ಲಿ ಸುಮಾರು 350 ಲೀಟರು ಹಿಡಿಯುತ್ತದೆ. ಐದೈದು ರಿಂಗಿನ ಎರಡು ಗುಂಡಿ ಮಾಡಿದರೆ ಒಂದು ತುಂಬುವಾಗ ಇನ್ನೊಂದನ್ನು ಬಳಸಬಹುದು. ತಳಕ್ಕೆ ಕಾಂಕ್ರೀಟು ಹಾಕಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಲೇಬೇಕು. ಇಲ್ಲವಾದರೆ ಅದು ರಾಡಿಗುಂಡಿಯಲ್ಲ, ಇಂಗುಗುಂಡಿ.

3. ಹತ್ತಕ್ಕೂ ಹೆಚ್ಚು ದನ ಉಳ್ಳವರು ಇಟ್ಟಿಗೆ ಅಥವಾ ಕಾಂಕ್ರೀಟಿನ ತೊಟ್ಟಿ ಕಟ್ಟಿಸುವುದು ಲೇಸು. ಎರೆ ಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಅಲ್ಲಿ ತಳಪಾಯಕ್ಕೆ ಗರಸು ತುಂಬದೆ ಕಟ್ಟಿದ ಗೋಡೆ ಸೀಳುತ್ತದೆ. ಮಸಾರಿಯಲ್ಲಿ ಈ ತೊಂದರೆ ಕಡಿಮೆ, ಸೋರಿಕೆ ಹೆಚ್ಚು. ನಮ್ಮ ಮೂರೂ ತಾಲೂಕುಗಳಲ್ಲಿ ಎರಡು ಬಗೆಯ ಮಣ್ಣೂ ಇದೆ. ನಿಮ್ಮ ಹಿತ್ತಲಿನದು ಯಾವುದೆಂದು ನೋಡಿಕೊಂಡೇ ಕೆಲಸಕ್ಕೆ ಕೈಹಾಕಿರಿ.

ಗೋಬರ್ ಗ್ಯಾಸ್ ಇದ್ದರೆ ಗುಂಡಿ ಬೇಡವಲ್ಲವೇ ಎಂದು ಕೆಲವರು ಕೇಳುತ್ತಾರೆ. 1984ರಲ್ಲಿ ಬಂದ ದೀನಬಂಧು ಮಾದರಿಯ 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಅಡುಗೆಗೆ ಅನಿಲ ಸಿಗುತ್ತದೆ, ಗೊಬ್ಬರದ ಗುಣವೂ ಉಳಿಯುತ್ತದೆ. ಆದರೆ ಒಳಗೆ ಹಾಕಿದಷ್ಟು ರಾಡಿ ಹೊರಗೆ ಬಂದೇ ಬರುತ್ತದೆ. ಅದಕ್ಕೂ ಗುಂಡಿ ಬೇಕು.

ರಾಡಿಯನ್ನು ಬಳಸುತ್ತ ಹೋದರೆ ದೊಡ್ಡ ತೊಟ್ಟಿಯ ಅವಶ್ಯಕತೆಯಿಲ್ಲ. ಮೇವಿನ ಹುಲ್ಲಿನ ನಾಲ್ಕು ಗುಂಟೆ ಇದ್ದರೆ ನೀರು ಬೆರೆಸಿ ಅಲ್ಲಿಗೆ ಬಿಡಿರಿ. ಎರೆ ಹೊಲಕ್ಕೆ ಚಕ್ಕಡಿ ಹೋಗದ ಮಳೆಯ ವಾರಗಳಲ್ಲಿ ದಂಟು ತುಂಬಿದ ಗೊಬ್ಬರದ ಗುಂಡಿಗೆ ಸುರಿಯಿರಿ. ಹಸಿ ರಾಡಿಯನ್ನು ಮೆಣಸಿನ ಎಳೆ ಸಸಿಯ ಬುಡಕ್ಕೆ ಮಾತ್ರ ಹಾಕಬೇಡಿರಿ, ಸಸಿ ಸುಟ್ಟಂತಾಗುತ್ತದೆ.

ಜೀವದ ಮಾತು

ಗುಂಡಿಯನ್ನು ಬಾವಿಗೂ ಕೊಳವೆ ಬಾವಿಗೂ ಕೆಳಗಿನ ಇಳಿಜಾರಿನಲ್ಲಿ, ಕನಿಷ್ಠ 50 ಅಡಿ ದೂರದಲ್ಲಿ ತೋಡಿರಿ. ಜಾಗವಿದ್ದರೆ ಇನ್ನೂ ದೂರವಿರಲಿ. ಸುತ್ತ ಬೇಲಿ, ರಿಂಗಿನ ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು. ಪ್ಲಾಸ್ಟಿಕ್ ಹಾಳೆಯ ಗುಂಡಿಯಲ್ಲಿ ಬಿದ್ದ ಮಗುವಿಗೆ ಜಾರುವ ಗೋಡೆ ಹತ್ತಲು ಬರುವುದಿಲ್ಲ. ಅದಕ್ಕೆ ಗಂಟು ಹಾಕಿದ ಹಗ್ಗವನ್ನು ಸದಾ ಒಳಗೆ ಇಳಿಬಿಟ್ಟಿರಿ.

ತುಂಬ ದಿನ ನಿಂತ ರಾಡಿಯನ್ನು ಕಲಕಿದಾಗ ವಿಷದ ಗಾಳಿ ಏಳುತ್ತದೆ. ಮೊದಲು ಕೊಳೆತ ತತ್ತಿಯ ವಾಸನೆ ಬರುತ್ತದೆ. ಗಾಳಿ ಹೆಚ್ಚಾದರೆ ಮೂಗಿಗೆ ಆ ವಾಸನೆಯೂ ತಿಳಿಯುವುದಿಲ್ಲ. ಉದ್ದನೆಯ ಗಳದಿಂದ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಹೊರಗೆ ನಿಂತೇ ಕಲಕಬೇಕು. ಯಾವ ಕಾರಣಕ್ಕೂ ಒಳಗೆ ಇಳಿಯಬಾರದು. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಾಲ ತೆಗೆದು ದೊಡ್ಡ ತೊಟ್ಟಿ ಕಟ್ಟಿ, ಅದರಲ್ಲಿ ನೀರು ತುಂಬಿಡುವುದರಲ್ಲಿ ಅರ್ಥವಿಲ್ಲ. ಸಹಾಯಧನವೇನಾದರೂ ಉಂಟೇ ಎಂಬುದನ್ನು ಗ್ರಾಮ ಪಂಚಾಯತಿಯಲ್ಲೂ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿರಿ. ಗೊಬ್ಬರದ ವಿಷಯದಲ್ಲಿ ಸಂಶಯವಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿರಿ.

ಗುಂಡಿಗೆ ಜಾಗ ಗೊತ್ತುಮಾಡುವವರು ಬಿಸಿಲಿನಲ್ಲಿ ನಿಂತು ಗೊತ್ತುಮಾಡಬೇಡಿರಿ. ಒಂದು ಜೋರು ಮಳೆ ಬರಲಿ, ಕಂಬಳಿ ಹೊದ್ದು ಅಂಗಳದಲ್ಲಿ ನಿಂತು ನೀರು ಎತ್ತ ಹರಿಯುತ್ತದೆ ಎಂಬುದನ್ನು ನೋಡಿರಿ. ಹೇಳಿ ಕಳಿಸಿದರೆ ನಾನೂ ಬಂದು ನಿಲ್ಲುತ್ತೇನೆ.