ಡಯಾಮಿಟರಿನಿಂದ ಜಾಮಿತ್ರಕ್ಕೆ

‘ಡಯಾಮೆಟ್ರಿಕಲಿ ಅಪೋಸ್ಡ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಸಂಪಾದಕೀಯಗಳಲ್ಲಿಯೂ ವಕೀಲರ ವಾದಗಳಲ್ಲಿಯೂ ನಾವು ಆಗಾಗ ಕಾಣುತ್ತೇವೆ. ‘ತದ್ವಿರುದ್ಧ’ ಎಂದು ಅನುವಾದಿಸಿ ಮುಂದಕ್ಕೆ ಸಾಗುವುದು ವಾಡಿಕೆ. ತರಗತಿಯಲ್ಲಿ ನಾವೂ ಬಹುಕಾಲ ಹಾಗೆಯೇ ಮಾಡಿದೆವು.

ಪದದ ಮೂಲ ಗ್ರೀಕ್. ‘ಡಿಯಾ’ ಎಂದರೆ ಅಡ್ಡಹಾಯ್ದು, ‘ಮೆಟ್ರಾನ್’ ಎಂದರೆ ಅಳತೆ. ವೃತ್ತದ ಕೇಂದ್ರವನ್ನು ಹಾಯ್ದು ಅಂಚಿನಿಂದಂಚಿಗೆ ಎಳೆದ ಗೆರೆಯೇ ಡಯಾಮಿಟರ್, ನಮ್ಮ ವ್ಯಾಸ. ಯೂಕ್ಲಿಡನು ಚತುರಸ್ರದ ಕರ್ಣಕ್ಕೂ ಇದೇ ಹೆಸರನ್ನು ಬಳಸಿದ್ದಾನೆ. ಮೈಸೂರಿನ ಅಗ್ರಹಾರದ ವೃತ್ತದಲ್ಲಿ ನಿಂತವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಪಕ್ಕದ ಅಂಗಡಿ ಬೇರೆಯದೇ ಹೊರತು ವಿರುದ್ಧವಲ್ಲ. ನಟ್ಟನಡುವಿನ ಮೂಲಕ ದೃಷ್ಟಿ ಹಾಯಿಸಿದಾಗ ಆಚೆಯ ಅಂಚಿನಲ್ಲಿ ಕಾಣುವುದೇ ನೇರ ಎದುರು. ಅದಕ್ಕಿಂತ ದೂರದ ಬಿಂದು ವೃತ್ತದ ಮೇಲೆ ಇನ್ನೊಂದಿಲ್ಲ. ಅಲ್ಪಸ್ವಲ್ಪ ಭಿನ್ನಾಭಿಪ್ರಾಯಕ್ಕೆ ಈ ಮಾತನ್ನು ಹಚ್ಚುವ ವಿದ್ಯಾರ್ಥಿಗಳು ದಯಮಾಡಿ ಇದನ್ನು ಗಮನಿಸಬೇಕು.

ಗ್ರೀಕ್ ಜ್ಯೋತಿಷಿಗಳು ರಾಶಿಚಕ್ರದಲ್ಲಿ 180 ಅಂಶಗಳ ಅಂತರದಲ್ಲಿ ಎದುರುಬದುರಾಗಿ ನಿಂತ ಗ್ರಹಗಳಿಗೆ ಈ ಮಾತನ್ನು ಸಲ್ಲಿಸಿದರು. ಆ ವಿದ್ಯೆಯೊಡನೆ ಪದವೂ ನಮ್ಮ ದೇಶಕ್ಕೆ ಬಂದು ಸಂಸ್ಕೃತದಲ್ಲಿ ‘ಜಾಮಿತ್ರ’ವಾಯಿತು. ಹೋರಾ, ಕೇಂದ್ರ ಎಂಬುವೂ ಹಾಗೆ ಬಂದವೇ. ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಇವೆಲ್ಲ ಮನೆಯ ಮಾತುಗಳಾಗಿವೆ. ಕಾಳಿದಾಸನು ಕುಮಾರಸಂಭವದ ಏಳನೆಯ ಸರ್ಗದ ಮೊದಲಿನಲ್ಲಿಯೇ, ಪಾರ್ವತಿಯ ವಿವಾಹದ ತಿಥಿಯನ್ನು ಹೇಳುವಾಗ, ಜಾಮಿತ್ರದ ಗುಣವನ್ನು ಎತ್ತುತ್ತಾನೆ. ಕವಿಯ ಕಾಲನಿರ್ಣಯಕ್ಕೆ ವಿದ್ವಾಂಸರು ಈ ಒಂದು ಪದವನ್ನು ಸಾಕ್ಷಿಯಾಗಿ ಹಿಡಿದದ್ದುಂಟು.

ಇಲ್ಲಿಯೇ ವಿನೋದವಿರುವುದು. ಜಾಮಿತ್ರವೆಂದರೆ ಲಗ್ನದಿಂದ ಏಳನೆಯ ಮನೆ, ಕಳತ್ರಸ್ಥಾನ. ಇಂಗ್ಲಿಷಿನಲ್ಲಿ ಪರಮವಿರೋಧವನ್ನು ಸೂಚಿಸುವ ಪದ ನಮ್ಮಲ್ಲಿ ಕೈಹಿಡಿದವಳ ನೆಲೆಯಾಯಿತು! ಅಂತಃಪಟದ ಎರಡು ಬದಿಗಳಲ್ಲಿ ವಧೂವರರು ನಿಲ್ಲುವುದೂ ಎದುರುಬದುರಾಗಿಯೇ ಅಲ್ಲವೆ?

ನಮ್ಮ ಮನೆಯ ಮದುವೆಯೊಂದಕ್ಕೆ ಮುಹೂರ್ತವಿಡಿಸಲು ಅಗ್ರಹಾರದ ಹಿರಿಯ ಜೋಯಿಸರೊಬ್ಬರಲ್ಲಿಗೆ ಹೋಗಿದ್ದೆವು. ಒಂಟಿಕೊಪ್ಪಲ್ ಪಂಚಾಂಗವನ್ನು ತೊಡೆಯ ಮೇಲಿಟ್ಟು “ಜಾಮಿತ್ರ ಶುದ್ಧವಾಗಿದೆ” ಎಂದರು. ನಾವು ಜಾಣತನ ತೋರಿಸಲು ಹೋಗಿ, ಅದು ಯವನರ ಪದವೆಂದುಬಿಟ್ಟೆವು. ಅವರು ಪಂಚಾಂಗವನ್ನು ಮುಚ್ಚಿ ಬಹಳ ಹೊತ್ತು ಮೌನವಾಗಿದ್ದರು. ಶಾಸ್ತ್ರವನ್ನು ಹೀನೈಸಿದೆವೆಂದು ಅವರು ನೊಂದರೇನೋ ಎಂದು ನಮಗೆ ನಾಚಿಕೆಯಾಯಿತು. ಕೊನೆಗೆ ಅವರೇ ಬಾಯ್ಬಿಟ್ಟು, ಯವನರು ಮ್ಲೇಚ್ಛರಾದರೂ ಈ ಶಾಸ್ತ್ರವನ್ನು ಬಲ್ಲವರಾದ್ದರಿಂದ ಋಷಿಗಳಂತೆ ಪೂಜ್ಯರೆಂದು ವರಾಹಮಿಹಿರನೇ ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆಂದು ನೆನಪಿಸಿದರು. “ಪದ ಯಾರದಾದರೇನು, ಕೊಟ್ಟವರನ್ನು ಅವನು ಮರೆಯಲಿಲ್ಲ. ನಾವು ಮರೆತೆವು” ಎಂದು ಪಂಚಾಂಗವನ್ನು ಮತ್ತೆ ಬಿಚ್ಚಿದರು.

ಮದುವೆ ಅದೇ ಮುಹೂರ್ತದಲ್ಲಿ ನಡೆಯಿತು.