ಇಳಿವಯಸ್ಸಿಗೆ ನಾವೇ ಆರಿಸಿಕೊಂಡ ನೆರೆಹೊರೆ

(ಧರ್ಮಪುರದಲ್ಲಿ ಶ್ರಾವಣ ಮಾಸದ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ 'ಇಳಿವಯಸ್ಸಿನ ಬದುಕು'. ನಾನು ಪ್ರವಚನ ಮಾಡುವವನಲ್ಲ. 34 ವರ್ಷ ನೀರಾವರಿ ಇಲಾಖೆಯಲ್ಲಿ ಕೆರೆ, ಕಾಲುವೆ, ಅಂದಾಜುಪಟ್ಟಿ ಎಂದು ಓಡಾಡಿದವನು. ಕಣ್ಣಾರೆ ಕಂಡದ್ದನ್ನು, ಟೇಪು ಹಿಡಿದು ಅಳೆದದ್ದನ್ನು ಮಾತ್ರ ಹೇಳಬಲ್ಲೆ.

ಮೊದಲು ಒಂದು ಸುದ್ದಿಯನ್ನು ಇತ್ಯರ್ಥ ಮಾಡಿಬಿಡುತ್ತೇನೆ. ನಾವು ಗಂಡ ಹೆಂಡತಿ ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಕನಕಪುರ ರಸ್ತೆಯ ಕಡೆ, ಹಿರಿಯ ನಾಗರಿಕರಿಗೆಂದೇ ಕಟ್ಟಿದ ಒಂದು ವಸತಿ ಸಮುಚ್ಚಯಕ್ಕೆ ಹೋಗಿ ನೆಲೆಸಿದೆವು. ಅದು ಈ ಊರಿಗೆ ಬಂದು ಮುಟ್ಟುವಷ್ಟರಲ್ಲಿ ಏನಾಗಿತ್ತು ಗೊತ್ತೆ? 'ಇಂಜಿನಿಯರಪ್ಪನ ಮಗ ಅಪ್ಪ ಅವ್ವನ್ನ ವೃದ್ಧಾಶ್ರಮಕ್ಕೆ ಹಾಕವ್ನಂತೆ.' ಕಳೆದ ಜಾತ್ರೆಗೆ ಬಂದಾಗ ನಮ್ಮ ಸೋದರತ್ತೆ ನನ್ನ ಗಲ್ಲ ಹಿಡಿದು ಅತ್ತರು. ನನ್ನ ಮಗ ಆ ಊರನ್ನು ನೋಡಿದ್ದೇ ನಾವು ಹೋಗಿ ಎರಡು ತಿಂಗಳಾದ ಮೇಲೆ. ಅವನು ಬೇಡವೆಂದೇ ಹೇಳಿದ್ದ. ನಮ್ಮನ್ನು ಯಾರೂ ಹಾಕಲಿಲ್ಲ. ನಾವೇ ಹೋದೆವು.

ಯಾಕೆ ಹೋದೆವು ಎಂಬುದಕ್ಕೆ ಈ ಊರಿನ ಒಂದು ಬಚ್ಚಲುಮನೆಯಿಂದ ಶುರು ಮಾಡಬೇಕು.

ನಮ್ಮ ತಂದೆಯವರು ಲಿಂಗೈಕ್ಯರಾದ ಮೇಲೆ ನಮ್ಮವ್ವ ಇಲ್ಲಿಯ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಎಷ್ಟು ಕರೆದರೂ ಬರಲಿಲ್ಲ. 'ನಿಮ್ಮೂರ್ನಾಗೆ ನಂಗೆ ಯಾರ್ ಗೊತ್ತವ್ರೆ' ಎನ್ನುತ್ತಿದ್ದರು. ನ್ಯಾಯವಾದ ಮಾತೇ. ನಾನು ವರ್ಗಾವಣೆಯ ನೌಕರ, ಮನೆಯಲ್ಲಿ ಹಗಲೆಲ್ಲ ಯಾರೂ ಇರುತ್ತಿರಲಿಲ್ಲ. ಒಂದು ದಿನ ಬೆಳಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಜಾರಿ ಬಿದ್ದರು. ಬಿದ್ದದ್ದು ಬಾಗಿಲಿಗೆ ಅಡ್ಡವಾಗಿ. ನಮ್ಮ ಬಚ್ಚಲ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಕೂಗಿದ್ದು ಬೀದಿಗೆ ಕೇಳಲಿಲ್ಲ. ಸಂಜೆ ಹಾಲು ಕೊಡಲು ಬಂದ ಹುಡುಗಿಗೆ ಅನುಮಾನ ಬಂದು ಅಕ್ಕಪಕ್ಕದವರನ್ನು ಕರೆದಳು. ಅವರು ಬಂದರೂ ಬಾಗಿಲು ತಳ್ಳುವಂತಿರಲಿಲ್ಲ, ತಳ್ಳಿದರೆ ಅವ್ವನಿಗೇ ತಾಗುತ್ತಿತ್ತು. ಮಾಡಿನ ಹೆಂಚು ತೆಗೆದು ಒಬ್ಬರು ಒಳಗೆ ಇಳಿದರು. ಸೊಂಟದ ಮೂಳೆ ಮುರಿದಿತ್ತು. ಹಿರಿಯೂರಿಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಒಯ್ದರು. ಎಂಟು ತಿಂಗಳು ಹಾಸಿಗೆ ಹಿಡಿದರು. ಅಷ್ಟೇ.

ಆ ಹೊತ್ತಿನಲ್ಲಿ ನಾನು ಇನ್ನೊಂದು ಜಿಲ್ಲೆಯ ಕೆರೆಯೊಂದರ ತೂಬಿನ ದುರಸ್ತಿಗೆ ನಿಂತಿದ್ದೆ. ನೂರಾರು ತೂಬು, ಕೋಡಿ, ಗೇಟುಗಳ ನಕ್ಷೆಗೆ ಸಹಿ ಹಾಕಿದವನು ನಮ್ಮವ್ವನ ಬಚ್ಚಲ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

ನಿವೃತ್ತಿಯಾದ ಮೇಲೆ ಚಿತ್ರದುರ್ಗದಲ್ಲಿ ಕಟ್ಟಿಸಿದ್ದ ನಮ್ಮ ಮನೆಯನ್ನು ಹೊಸ ಕಣ್ಣಿನಿಂದ ನೋಡಿದೆ. ಮಲಗುವ ಕೋಣೆ ಮೇಲಂತಸ್ತಿನಲ್ಲಿ, 17 ಮೆಟ್ಟಿಲು. ಬಚ್ಚಲಿಗೆ ಹೊಳೆಯುವ ಟೈಲ್ಸು, ಎರಡು ಕಾಲಡಿ ಅಗಲದ ಬಾಗಿಲು, ಅದೂ ಒಳಕ್ಕೇ ತೆರೆಯುವುದು. ಮನೆಯಾಕೆಯ ಮಂಡಿ ಆಪರೇಷನ್ ಆಗಿತ್ತು. ಮಗ ಪರದೇಶದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಆ ಬೀದಿಯಲ್ಲಿ ನಮ್ಮ ಕಾಲದವರು ಒಬ್ಬೊಬ್ಬರಾಗಿ ಮಕ್ಕಳ ಊರಿಗೆ ಹೋಗಿ ಆಗಿತ್ತು.

ನಮ್ಮ ತಾಲೂಕಿನ ಮಾರಿಕಣಿವೆ ಎಲ್ಲರಿಗೂ ಗೊತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ ಆ ಕೋಡಿ ಒಣಗಿ ನಿಂತಿತ್ತು. 'ಇದನ್ನು ಸುಮ್ಮನೆ ಕಟ್ಟಿದರು' ಎಂದು ಯಾರಾದರೂ ಅಂದರೆ? ನೀರು 130 ಅಡಿ ಮುಟ್ಟಿದ ದಿನ ಕೋಡಿ ಕಟ್ಟಲು ಆಗುವುದಿಲ್ಲ. ಮುಪ್ಪಿನ ಮನೆಯೂ ಹಾಗೆಯೇ. ಬಿದ್ದ ಮೇಲೆ ಹುಡುಕಲು ಹೋದರೆ ನಾವು ಆರಿಸುವುದಿಲ್ಲ, ಸ್ಟ್ರೆಚರ್ ಹಿಡಿದವರು ಆರಿಸುತ್ತಾರೆ. ಕಾಲಲ್ಲಿ ಕಸುವಿರುವಾಗಲೇ ಹೋಗಬೇಕು ಎನ್ನುವುದು ನನ್ನ ಮುಖ್ಯ ಮಾತು.

ನಾವಿರುವುದು ವೃದ್ಧಾಶ್ರಮವಲ್ಲ. ಅಲ್ಲಿ ನಮ್ಮದೇ ಮನೆ, ನಮ್ಮದೇ ಬೀಗದ ಕೈ. ಅಡುಗೆಮನೆ ಇದೆ, ಬೇಕೆಂದಾಗ ಒಲೆ ಹಚ್ಚುತ್ತೇವೆ, ಇಲ್ಲವಾದರೆ ಸಾಮೂಹಿಕ ಊಟದ ಮನೆ. ಕಸ ಗುಡಿಸುವುದು, ಕರೆಂಟು, ನಲ್ಲಿ ರಿಪೇರಿ ಅವರ ಜವಾಬ್ದಾರಿ. ಹಗಲು ರಾತ್ರಿ ಒಬ್ಬ ನರ್ಸ್ ಇರುತ್ತಾರೆ, ಬಾಗಿಲಲ್ಲಿ ಆಂಬುಲೆನ್ಸ್ ಇರುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ನಾವು ಊರಿಗೆ ಬರುತ್ತೇವೆ, ಹೋಗುತ್ತೇವೆ. ಇವತ್ತು ಬಂದದ್ದೂ ಹಾಗೆಯೇ. ಇಂಥವು ಬೆಂಗಳೂರಿನ ಸುತ್ತ ಹಲವು ಇವೆ, ಕೊಯಮತ್ತೂರಿನ ಕಡೆ ಇನ್ನೂ ಹೆಚ್ಚು. ಅಮೆರಿಕದ ಅರಿಜೋನಾದಲ್ಲಿ 1960ರಲ್ಲೇ ನಿವೃತ್ತರಿಗೆಂದು 'ಸನ್ ಸಿಟಿ' ಎಂಬ ಒಂದು ಊರನ್ನೇ ಶುರು ಮಾಡಿದರು.

ಮೊದಲ ದಿನ ನಾನು ನೋಡಿದ್ದು ಬಚ್ಚಲನ್ನು. ಬಾಗಿಲು ಮೂರಡಿ ಅಗಲ, ಹೊರಕ್ಕೆ ತೆರೆಯುತ್ತದೆ. ಒಳಗಿನಿಂದ ಚಿಲಕ ಹಾಕಿದ್ದರೂ ಹೊರಗಿನಿಂದ ತೆಗೆಯಬಹುದು. ಕಮೋಡಿನ ಪಕ್ಕ, ನಲ್ಲಿಯ ಪಕ್ಕ ಹಿಡಿಕೆ. ನೆಲಕ್ಕೆ ಜಾರದ ಕಲ್ಲು. ಕರೆಗಂಟೆಯ ದಾರ ನೆಲದವರೆಗೆ ಇಳಿಬಿಟ್ಟಿದೆ, ಬಿದ್ದವರ ಕೈಗೆ ಸಿಗುವಂತೆ. ಮನೆಯಾಕೆ 'ಹಾಲ್ ನೋಡಿ ಅಂದ್ರೆ ಬಚ್ಚಲಲ್ಲೇ ನಿಂತ್ಕಂಡ್ರಲ್ರೀ' ಎಂದು ನಕ್ಕರು. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಅವರೂ ಸುಲಭಕ್ಕೆ ಒಪ್ಪಿದವರಲ್ಲ. 'ಜನ ಏನಂತಾರೆ' ಎನ್ನುವುದು ಒಂದಾದರೆ, ತುಳಸಿಗಿಡ, ಹಿತ್ತಲು, ತಮ್ಮ ಕೈಯ ಅಡುಗೆ ಬಿಡುವುದು ಇನ್ನೊಂದು. ಹಾಗಾಗಿ ಮೊದಲು 15 ದಿನ ಅತಿಥಿಗಳಾಗಿ ಇದ್ದು ನೋಡಿದೆವು. ಮೊದಲ ವಾರ ಊಟ ರುಚಿಸಲಿಲ್ಲ. ಸಪ್ಪೆ ಸಾರು, ಚಪಾತಿ, ದಿನಾ ಅದೇ. ಮುದ್ದೆ ಇಲ್ಲ ಎಂದರೆ ಹಿರಿಯೂರಿನವರಿಗೆ ಊಟವೇ? ಇವರೇ ಅಡುಗೆಯವರ ಹತ್ತಿರ ಹೋಗಿ ಕೋಲು ಹಿಡಿದು ಮುದ್ದೆ ತಿರುವಿ ತೋರಿಸಿದರು. ಈಗ ವಾರಕ್ಕೆ ಎರಡು ದಿನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಲಯಾಳಿ ದಂಪತಿಗಳೊಬ್ಬರು ಮುದ್ದೆ ನುಂಗುವುದನ್ನು ಕಲಿತಿದ್ದಾರೆ, ಅಗಿಯುವುದನ್ನು ಮಾತ್ರ ಬಿಟ್ಟಿಲ್ಲ.

ಇವರು ಈಗ ಸಂಜೆ ಏಳೆಂಟು ಮಂದಿಗೆ ವಚನ ಹಾಡುವುದನ್ನು ಕಲಿಸುತ್ತಾರೆ. ನಾನು ಮಳೆನೀರು ಕೊಯ್ಲಿನ ಲೆಕ್ಕ, ಬಳಸಿದ ನೀರನ್ನು ಶುದ್ಧ ಮಾಡುವ ಘಟಕದ ಉಸ್ತುವಾರಿ ನೋಡುತ್ತೇನೆ. ನಿವೃತ್ತ ಹೆಡ್‌ಮಾಸ್ಟರೊಬ್ಬರು ಕೆಲಸದವರ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಚಿತ್ರದುರ್ಗದ ಮನೆಯಲ್ಲಿ ನನ್ನ ಕಾಯಕ ಪೇಪರ್ ಓದುವುದು, ನಲ್ಲಿ ಬಂತೇ ಎಂದು ನೋಡುವುದು ಎರಡೇ ಆಗಿತ್ತು. ಬೆಳಗ್ಗೆ ಇಷ್ಟಲಿಂಗ ಪೂಜೆಗೆ ಕುಳಿತರೆ ಅವಸರವಿಲ್ಲ, ಯಾರಿಗೂ ಅಡ್ಡಿಯಿಲ್ಲ. ಮಕ್ಕಳ ಮನೆಯಲ್ಲಿ ಇದ್ದು ಬಂದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಸೊಸೆ ಆಫೀಸಿಗೆ, ಮೊಮ್ಮಗು ಶಾಲೆಗೆ ಓಡುವ ಹೊತ್ತಿನಲ್ಲಿ ಇರುವ ಒಂದು ಬಚ್ಚಲಿಗೆ ನಾವೂ ಸಾಲು ನಿಲ್ಲಬೇಕು. ಅವರ ತಪ್ಪಲ್ಲ, ನಮ್ಮದೂ ಅಲ್ಲ. ದೂರವಾದ ಮೇಲೆ ಮಗನ ಜತೆ ಮಾತು ಹೆಚ್ಚಾಗಿದೆ. ಮಾತ್ರೆ ತಗೊಂಡ್ರಾ, ಗ್ಯಾಸ್ ಆಫ್ ಮಾಡಿದ್ರಾ ಎಂದು ಕೇಳುವುದು ನಿಂತು, ಈಗ ಲೋಕದ ಸುದ್ದಿ ಮಾತಾಡುತ್ತಾನೆ.

ಇಂಥ ಜಾಗಗಳ ಜಾಹೀರಾತಿನಲ್ಲಿ 'ವಾನಪ್ರಸ್ಥ' ಎಂಬ ಪದ ಕಾಣುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ವರ್ಣಾಶ್ರಮದ ಆ ಲೆಕ್ಕ ನಮ್ಮದಲ್ಲ. ಶರಣರು ಕಾಡಿಗೆ ಹೋಗಲಿಲ್ಲ, ಕಲ್ಯಾಣಕ್ಕೆ ಹೋದರು. ಅಲ್ಲಮರು ಬಳ್ಳಿಗಾವೆಯವರು, ಅಕ್ಕ ಉಡುತಡಿಯವರು, ಸಿದ್ಧರಾಮರು ಸೊನ್ನಲಿಗೆಯವರು, ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೇ ಬಂದರೆಂದು ಪರಂಪರೆ ಹೇಳುತ್ತದೆ. ಹುಟ್ಟಿದ ಊರು, ಬಂಧುಬಳಗ ಬಿಟ್ಟು, ಯಾರ ನಡುವೆ ಬದುಕಬೇಕು ಎಂಬುದನ್ನು ಅವರೇ ಆರಿಸಿಕೊಂಡರು. ನಮ್ಮ ಸಮುಚ್ಚಯವನ್ನು ಅನುಭವ ಮಂಟಪಕ್ಕೆ ಹೋಲಿಸುವಷ್ಟು ಉದ್ಧಟತನ ನನಗಿಲ್ಲ. ಆದರೆ ನೆರೆಹೊರೆಯನ್ನು ಆರಿಸಿಕೊಳ್ಳುವುದು ಅನಾಥತನ ಅಲ್ಲ ಎಂಬುದನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಇನ್ನೊಂದು ಮಾತು ನಿಷ್ಠುರವಾಗಿ ಹೇಳುತ್ತೇನೆ. ನಮ್ಮವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, 'ಅಲ್ಲಿ ಲಿಂಗಾಯತರು ಎಷ್ಟು ಮನೆ?' ಅದಾದ ಮೇಲೆ, 'ಯಾವ ಒಳಪಂಗಡ?' ನಾನು ಎಣಿಸಿಲ್ಲ. ಈ ಊರಿನಲ್ಲಿ, ನನ್ನ ಹುಡುಗತನದಲ್ಲಿ, ನಮ್ಮ ಮನೆಯ ಪಂಕ್ತಿಯಲ್ಲಿ ಯಾರು ಕೂರುತ್ತಿದ್ದರು, ಯಾರು ಜಗುಲಿಯಲ್ಲೇ ಉಣ್ಣುತ್ತಿದ್ದರು ಎಂಬುದು ನನಗೆ ನೆನಪಿದೆ. ಯಾರ ಪಕ್ಕದಲ್ಲಿ ಯಾರೆಂದು ನೋಡದೆ ದಿನಕ್ಕೆ ಮೂರು ಹೊತ್ತು ನಾನು ಉಣ್ಣಲು ಕುಳಿತದ್ದು 63ನೇ ವಯಸ್ಸಿನಲ್ಲಿ. ತಡವಾಯಿತು.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ನಾವು ಠೇವಣಿ ಕಟ್ಟಿ ಬಾಡಿಗೆಗೆ ಇದ್ದೇವೆ. ನನ್ನ ಪಿಂಚಣಿಯ ಮುಕ್ಕಾಲು ಪಾಲು ಅಲ್ಲಿಗೇ ಹೋಗುತ್ತದೆ, ಚಿತ್ರದುರ್ಗದ ಮನೆಯ ಬಾಡಿಗೆ ಬರುವುದರಿಂದ ಸರಿದೂಗುತ್ತದೆ. ನಾವು ಮೊದಲು ನೋಡಿದ ಇನ್ನೊಂದು ಜಾಗದ ಕರಾರುಪತ್ರದಲ್ಲಿ ಠೇವಣಿ ವರ್ಷವರ್ಷವೂ ಕರಗುತ್ತಾ ಹೋಗುತ್ತದೆ ಎಂದು ಹದಿನಾಲ್ಕನೇ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಟೆಂಡರ್ ಓದಿ ಅಭ್ಯಾಸವಿದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು. ಹೋಗುವವರು ರೇರಾ ನೋಂದಣಿ ಇದೆಯೇ ನೋಡಿ. ನಿರ್ವಹಣಾ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು ಎಂದು ಬರೆಸಿಕೊಳ್ಳಿ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರಿಗೆ ಏನು ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ಸ್ವತಂತ್ರವಾಗಿ ಬದುಕುವವರ ಜಾಗ ಎಂದರೆ ಎಷ್ಟೋ ಕಡೆ ಅದರ ಅರ್ಥ ಅಷ್ಟೇ, ಆಮೇಲೆ ಬೇರೆ ಕಡೆ ಹೋಗಬೇಕು. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಮಾದರಿ ಮಾತ್ರ ಅದು, ಆದರೂ ಕೈಯಲ್ಲಿ ಹಿಡಿದು ಹೋದರೆ ಕೇಳುವ ಪ್ರಶ್ನೆಗೆ ಬಲ ಬರುತ್ತದೆ.

ಹೋಗದವರಿಗೂ ಒಂದು ಮಾತು. ಜಮೀನು, ಮನೆ ಮಕ್ಕಳಿಗೆ ದಾನಪತ್ರ ಮಾಡಿಕೊಡುವಾಗ 'ನಮ್ಮನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪಾಲಕರ ಪೋಷಣೆ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳದಿದ್ದರೆ ಆ ಪತ್ರವನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ರದ್ದು ಮಾಡಿಸಬಹುದು. ಹಿರಿಯರ ಸಹಾಯವಾಣಿ 14567, ಫೋನಿಗೆ ದುಡ್ಡಿಲ್ಲ.

ಸಾವು ಅಲ್ಲಿ ಪದೇ ಪದೇ ಬರುತ್ತದೆ. ಊಟದ ಮನೆಯಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ, ನಾಲ್ಕು ದಿನ ಅಲ್ಲಿ ಯಾರೂ ಕೂರುವುದಿಲ್ಲ. ಸೇರುವಾಗ ತುಂಬುವ ಒಂದು ಫಾರಂನಲ್ಲಿ ಅಂತ್ಯಕ್ರಿಯೆ ಎಂಬಲ್ಲಿ ಚಿತಾಗಾರ ಎಂದೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ 'ಸಮಾಧಿ, ಧರ್ಮಪುರದ ನಮ್ಮ ಹೊಲ' ಎಂದು ಬರೆದೆ. ಮನೆಯಾಕೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಮ್ಮ ಫಾರಂನಲ್ಲಿ 'ದೇಹದಾನ, ವೈದ್ಯಕೀಯ ಕಾಲೇಜಿಗೆ' ಎಂದು ಬರೆದರು. ಈ ವಿಷಯವನ್ನು ನಾವು 38 ವರ್ಷದ ಸಂಸಾರದಲ್ಲಿ ಮಾತಾಡಿಯೇ ಇರಲಿಲ್ಲ.

'ನಿಮಗೆ ಪಿಂಚಣಿ ಐತೆ, ನಮಗೇನೈತೆ' ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ನಮ್ಮವ್ವ ಬೆಂಗಳೂರಿಗೆ ಬರುತ್ತಿರಲಿಲ್ಲ, ಅವರಂಥವರು ಈಗಲೂ ಬರುವುದಿಲ್ಲ. ಅವರಿಗೆ ಬೇಕಾದದ್ದು ಧರ್ಮಪುರದಲ್ಲೇ ಇರಬೇಕು. ನಮ್ಮ ಮಠಗಳು ಸಾವಿರಾರು ಮಕ್ಕಳಿಗೆ ಹಾಸ್ಟೆಲ್ ಕಟ್ಟಿ ಅನ್ನ ಹಾಕಿ ಓದಿಸಿವೆ, ನಾನೂ ಹಾಗೆ ಓದಿದವನೇ. ಆ ಮಕ್ಕಳು ಓದಿ ಊರು ಬಿಟ್ಟರು. ಉಳಿದವರು ಅವರ ಅಪ್ಪ ಅವ್ವ. ಹಾಸ್ಟೆಲ್ ನಡೆಸಬಲ್ಲವರಿಗೆ ಇದು ದೊಡ್ಡದಲ್ಲ. ಒಂದು ಎಕರೆ ಜಾಗ, ಬಸ್ ನಿಲ್ದಾಣಕ್ಕೂ ಆಸ್ಪತ್ರೆಗೂ ಹತ್ತಿರ. ನೆಲಮಟ್ಟದ 12 ಪುಟ್ಟ ಮನೆ, ಮಧ್ಯೆ ಒಂದು ದಾಸೋಹದ ಮನೆ, ರಾತ್ರಿ ಇರುವ ಒಬ್ಬ ನರ್ಸ್. ಪಿಂಚಣಿ ಇರುವವರು, ಮಕ್ಕಳು ದುಡ್ಡು ಕಳಿಸುವವರು ಖರ್ಚು ಕೊಡಲಿ. ಮೂರು ಮನೆ ಕೊಡಲಾಗದವರಿಗೆ. ಯಾವ ಮೂರು ಎಂದು ಹೊರಗಿನವರಿಗೆ ಗೊತ್ತಾಗಬಾರದು. ಎಲ್ಲ ಜಾತಿಯವರಿಗೂ ಬಾಗಿಲು ತೆರೆದಿರಬೇಕು, ಇಲ್ಲವಾದರೆ ನನ್ನ ನಕ್ಷೆ ಸಿಗುವುದಿಲ್ಲ.

ಹೌದು, ನಕ್ಷೆ ತಂದಿದ್ದೇನೆ, ಅಂದಾಜುಪಟ್ಟಿಯನ್ನೂ. ಸಂಬಳವಿಲ್ಲದ ಕೆಲಸ. ನಮ್ಮ ಕೆರೆಗೆ ನೀರು ಬರಲಿ ಎಂದು ಅರ್ಜಿ ಹಿಡಿದು ನಾವೆಲ್ಲ ಎಷ್ಟು ವರ್ಷ ಓಡಾಡಿದೆವು ಎಂಬುದು ನಿಮಗೆ ಗೊತ್ತು. ಇದಕ್ಕೆ ಅಷ್ಟು ಕಾಯುವ ವಯಸ್ಸು ಇಲ್ಲಿ ಕುಳಿತಿರುವ ಯಾರಿಗೂ ಇಲ್ಲ. ಪ್ರಸಾದವಾದ ಮೇಲೆ ಆ ಬೇವಿನ ಮರದ ಕೆಳಗೆ ಹಾಳೆ ಹಾಸಿಕೊಂಡು ಕೂತಿರುತ್ತೇನೆ, ಪೂಜ್ಯರೂ ನೋಡುತ್ತೇವೆ ಎಂದಿದ್ದಾರೆ. ಹಿರಿಯೂರಿನ ಬಸ್ಸು ಐದೂವರೆಗೆ. ಅಷ್ಟರೊಳಗೆ ಬನ್ನಿ, ಮೊದಲು ಬಚ್ಚಲ ಬಾಗಿಲು ತೋರಿಸುತ್ತೇನೆ.