ಇಸುಬು ಇದ್ದವರ ಕಣ್ಣಿನ ಕಾಳಜಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಒಲೆಯ ಮುಂದೆ, ಸಿಮೆಂಟಿನ ಧೂಳಿನಲ್ಲಿ, ಕಂಪ್ಯೂಟರಿನ ಎದುರಿನಲ್ಲಿ ದುಡಿಯುವ ನಮ್ಮಲ್ಲಿ ಇಸುಬಿನಿಂದ ನರಳುವವರು ಹಲವರಿದ್ದಾರೆ. ವೈದ್ಯರು ಇದನ್ನು ಎಕ್ಸಿಮಾ ಎನ್ನುತ್ತಾರೆ. ಕೈಕಾಲಿನ ತುರಿಕೆ ಕಣ್ಣಿಗೆ ಕಾಣುತ್ತದೆ, ಮುಲಾಮು ಹಚ್ಚುತ್ತೇವೆ. ಕಣ್ಣೇ ಉರಿದರೆ ಮಾತ್ರ ‘ನಿದ್ದೆಗೆಟ್ಟಿದೆ, ಉಷ್ಣವಾಗಿದೆ’ ಎಂದು ಸುಮ್ಮನಾಗುತ್ತೇವೆ.

ಚರ್ಮದ ರೋಗಕ್ಕೂ ಕಣ್ಣಿಗೂ ಏನು ಸಂಬಂಧವೆಂದು ಕೇಳಬಹುದು. 1952ರಲ್ಲಿ ಅಮೆರಿಕದ ನೇತ್ರವೈದ್ಯ ಮೈಕೆಲ್ ಹೋಗನ್ ಅವರು, ಅಲರ್ಜಿಯ ಇಸುಬುಳ್ಳ ಕೆಲವರಲ್ಲಿ ಬಿಳಿಗುಡ್ಡೆಯ ಮೇಲ್ಪೊರೆಯೂ ಪಾರದರ್ಶಕ ಪಟಲವೂ ಉರಿಯೂತಕ್ಕೆ ಸಿಲುಕುವುದನ್ನು ವಿವರಿಸಿದರು.

ನಮ್ಮ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಹೊದಿಕೆಯಿದೆ. ಅದರಲ್ಲಿ ನೀರಿದೆ, ನೀರು ಕಣ್ಣಿಗೆ ಅಂಟಿ ನಿಲ್ಲಲು ಲೋಳೆಯಿದೆ, ಎಲ್ಲಕ್ಕೂ ಮೇಲೆ ಎಣ್ಣೆಯ ಪದರವಿದೆ. ಈ ಎಣ್ಣೆಯನ್ನು ಒದಗಿಸುವ ಗ್ರಂಥಿಗಳ ಬಾಯಿ ರೆಪ್ಪೆಯ ಅಂಚಿನಲ್ಲಿದೆ. ರೆಪ್ಪೆಗೆ ಇಸುಬು ಬಂದಾಗ ಆ ಬಾಯಿ ಕಟ್ಟಿಕೊಳ್ಳಬಹುದು. ಎಣ್ಣೆಯಿಲ್ಲದ ನೀರು ಬೇಗ ಆರುತ್ತದೆ. ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ. ಆ ಉರಿಗೆ ಧಾರಾಳವಾಗಿ ನೀರು ಸುರಿಯುವುದೂ ಉಂಟು. ಆದ್ದರಿಂದ ‘ನೀರು ಸೋರುವ ಕಣ್ಣು ಒಣಗಿದ್ದು ಹೇಗೆ’ ಎಂದು ಯಾರೂ ನಗಬೇಕಾಗಿಲ್ಲ.

ತುರಿಸಿತೆಂದು ಕಣ್ಣುಜ್ಜುವುದು ಕೆಟ್ಟದ್ದು. ವರ್ಷಗಟ್ಟಲೆ ಉಜ್ಜಿದರೆ ಪಾರದರ್ಶಕ ಪಟಲ ತೆಳುವಾಗಿ ಮುಂದಕ್ಕೆ ಉಬ್ಬಿ ನೋಟ ಕೆಡಬಹುದು. ಮೆಣಸಿನಕಾಯಿ, ಸೋಪು, ಸಿಮೆಂಟು ಮುಟ್ಟಿದ ಕೈಯನ್ನಂತೂ ರೆಪ್ಪೆಯ ಬಳಿಗೆ ಒಯ್ಯಲೇಬಾರದು.

ಇದಕ್ಕಿಂತ ಮೋಸದ ಅಪಾಯ ಇನ್ನೊಂದಿದೆ. ಅಂಗಡಿಯಲ್ಲಿ ಕೇಳಿ ತಂದ ಹನಿಮದ್ದಿನಲ್ಲಿ ಸ್ಟೆರಾಯ್ಡ್ ಇದ್ದರೆ ಬೇಗನೆ ಹಿತವೆನಿಸುತ್ತದೆ. ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡವೇರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಸ್ಟೆರಾಯ್ಡನ್ನು ಮುಟ್ಟಲೇಬಾರದೆಂದಲ್ಲ, ವೈದ್ಯರು ಹೇಳಿದಷ್ಟು ದಿನ, ಅವರು ಒತ್ತಡವನ್ನು ಅಳೆಯುತ್ತಿರುವಾಗ ಮಾತ್ರ ಅದನ್ನು ಬಳಸಬೇಕು.

ಹಾಗಾದರೆ ಮಾಡತಕ್ಕದ್ದೇನು? ಕೈ ತೊಳೆದು, ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ 5ರಿಂದ 10 ನಿಮಿಷ ಇಡೋಣ. ತುರಿಕೆ ಹೆಚ್ಚಿದಾಗ ತಣ್ಣೀರಿನ ಬಟ್ಟೆ ಸಾಕು. ಕೃತಕ ಕಣ್ಣೀರಿನ ಹನಿಗಳು ಉಪಯುಕ್ತ. ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಕಾದರೆ ಸಂರಕ್ಷಕ ಬೆರೆಸದ ಹನಿಗಳನ್ನು ಕೇಳಿ ಪಡೆಯೋಣ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸದಂತೆ ಮಲಗೋಣ.

ತುರಿಕೆಗೆ ನುಂಗುವ ಕೆಲವು ಮಾತ್ರೆಗಳು ಕಣ್ಣನ್ನು ಒಣಗಿಸುತ್ತವೆ. 2017ರಲ್ಲಿ ಅಮೆರಿಕದಲ್ಲಿ ಇಸುಬಿಗೆಂದು ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದು ಚರ್ಮಕ್ಕೆ ಗುಣ ಕೊಟ್ಟರೂ ಕೆಲವರ ಕಣ್ಣನ್ನು ಕೆಂಪಾಗಿಸುತ್ತದೆ. ಹೀಗಿರುವಾಗ ಚರ್ಮದ ವೈದ್ಯರಿಗೆ ಕಣ್ಣಿನ ತೊಂದರೆಯನ್ನೂ, ಕಣ್ಣಿನ ವೈದ್ಯರಿಗೆ ಚರ್ಮದ ಔಷಧಗಳನ್ನೂ ನಾವೇ ತಿಳಿಸಬೇಕು.

ಕಣ್ಣಿನಲ್ಲಿ ನೋವು ಬಂದರೆ, ಬೆಳಕು ಸಹಿಸಲಾಗದಿದ್ದರೆ, ನೋಟ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ರಜೆ ಸಿಗದು, ಕೂಲಿ ಹೋದೀತು ಎಂಬ ಭಯ ನಮಗೆಲ್ಲ ಗೊತ್ತಿದ್ದದ್ದೇ. ಹೋದ ಕೂಲಿಯನ್ನು ಮುಂದೆ ದುಡಿದುಕೊಳ್ಳಬಹುದು. ಕಣ್ಣನ್ನು ದುಡಿದು ತರಲಾಗದು. ಅಂಥ ದಿನ ಜೊತೆಯವನ ಪಾಳಿಯನ್ನು ನಾವು ವಹಿಸಿಕೊಂಡು ಅವನನ್ನು ಆಸ್ಪತ್ರೆಗೆ ಕಳುಹಿಸೋಣ. ನಮ್ಮ ಸಂಘವಿರುವುದು ಇಂಥದಕ್ಕೇ.